ತಹಶೀಲ ಕಚೇರಿ ಎದುರಿನ ಅಂಗಡಿ

ಜೂನ್ ೧೧, ಮಂಗಳವಾರ

ಬೆಳಿಗ್ಗೆಯಿಂದ ಎರಡೇ ಕೆಲಸ. ಒಂದು ಮರಣ ಪ್ರಮಾಣಪತ್ರದ ಅರ್ಜಿ, ಒಂದು ಹೆಸರು ತಿದ್ದುಪಡಿಯದು. ಪಹಣಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ಎಲ್ಲ ಕಂಪ್ಯೂಟರಿನಲ್ಲೇ ಸಿಗುವಾಗ, ಬೇವಿನ ಗಿಡದ ಕೆಳಗೆ ಟೇಬಲ್ಲು ಹಾಕಿಕೊಂಡು ಕುಳಿತ ಶ್ರೀಪಾದನನ್ನು ಯಾರು ಕೇಳುತ್ತಾರೆ? ಅಫಜಲಪುರದ ಈ ತಹಶೀಲ ಕಚೇರಿಯ ಮುಂದೆ ಮೂವತ್ತೊಂದು ವರ್ಷ ಅರ್ಜಿ ಬರೆದಿದ್ದೇನೆ. ನನ್ನ ಅಕ್ಷರ ನೋಡಿ ಸಾಹೇಬರು ಅರ್ಜಿದಾರನಿಗೆ ಕುರ್ಚಿ ಕೊಡಿಸಿದ ಕಾಲವೂ ಇತ್ತು. ಈಗ ಕುರ್ಚಿಯೂ ಪ್ಲಾಸ್ಟಿಕ್ಕು, ಸಾಹೇಬರಿಗೂ ಕೈಬರಹ ಓದುವ ರೂಢಿ ತಪ್ಪಿದೆ.

ಮಧ್ಯಾಹ್ನ ಶರಫುದ್ದೀನ ಭಾಯಿ ಎರಡು ಗ್ಲಾಸು ಚಹಾ ಹಿಡಿದುಕೊಂಡು ರಸ್ತೆ ದಾಟಿ ಬಂದರು. ನಾನು ಟೇಬಲ್ಲು ಹಾಕಿದ ವರ್ಷವೇ ಅವರು ಎದುರಿಗೆ ರೇಡಿಯೊ ರಿಪೇರಿ ಅಂಗಡಿ ತೆರೆದದ್ದು. ರೇಡಿಯೊ ಹೋಯಿತು, ಟೇಪ್‌ರೆಕಾರ್ಡರ್ ಹೋಯಿತು, ಈಗ ಮೊಬೈಲು. ಅವರು ಹೊಸದನ್ನು ಕಲಿಯುತ್ತ ಹೋದರು, ನಾನು ಕಲಿಯಲಿಲ್ಲ. ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದು ಮಾತ್ರ ಉರ್ದು. ಅವರಿಗೆ ಬಂದ ಸರಕಾರಿ ಕಾಗದ ಓದಿ ಹೇಳುವವನು ನಾನು. ನಮ್ಮ ಮನೆಯ ರೇಡಿಯೊದಿಂದ ನನ್ನ ಹೆಂಡತಿ ಉಮಾಳ ಮೊಬೈಲಿನವರೆಗೆ ಬಿಚ್ಚಿ ಜೋಡಿಸಿದವರು ಅವರು. ಇಬ್ಬರೂ ಪರಸ್ಪರ ದುಡ್ಡು ತೆಗೆದುಕೊಂಡಿಲ್ಲ.

ಅವರು ಹೋದ ಮೇಲೆ ಜೇವರ್ಗಿ ಕಡೆಯ ಅಂಬಾರಾಯ ಎನ್ನುವವನು ಬಂದ. ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸವಂತೆ. ಕುಳಿತವನು ಸುತ್ತ ನೋಡಿದ.

“ಫೋನಿನ್ಯಾಗ ಇಸ್ಪೀಟ ಆಡೇನ್ರಿ. ಕಾರ್ಡಿನಿಂದ ರೊಕ್ಕ ಹಾಕೇನಿ, ಎಲ್ಲಾ ಹೋಗ್ಯಾವ. ನಾ ಹಾಕಿಲ್ಲಂತ ಬ್ಯಾಂಕಿಗೆ ಬರಕೊಟ್ರ ಹೊಳ್ಳಿ ಬರ್ತಾವಂತ ಒಬ್ಬರು ಅಂದ್ರು.”

“ಹಾಕಿದ್ದು ನೀನೇ ಅಲ್ಲೇನಪಾ?”

“ನಿಮಗ ಖರೆ ಹೇಳೀನಲ್ರಿ. ಅದನ್ನ ಬರೀಬ್ಯಾಡ್ರಿ ಅಷ್ಟ.”

ಅವನು ಹೇಳಿದ್ದರಿಂದ ನನಗೆ ತಿಳಿದದ್ದು ಇಷ್ಟು. ಕಾರ್ಡಿನ ದುಡ್ಡು ನೇರ ಆಟದವರ ಕೈಗೆ ಹೋಗುವುದಿಲ್ಲ, ನಡುವೆ ಒಂದು ಪೇಮೆಂಟ್ ಕಂಪನಿ ಇರುತ್ತದೆ. ಕಾರ್ಡಿನವನು ‘ಇದು ನಾನು ಮಾಡಿದ ವ್ಯವಹಾರವಲ್ಲ’ ಎಂದು ತಕರಾರು ಹಾಕಿದರೆ, ಅವನೇ ಮಾಡಿದ್ದು ಎಂದು ಆ ಕಂಪನಿ ತೋರಿಸಬೇಕು, ತೋರಿಸದಿದ್ದರೆ ದುಡ್ಡು ಹಿಂದಕ್ಕೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರಂತೆ.

ಬರೆದುಕೊಟ್ಟೆ. ಬರೀ ‘ನಾನು ಮಾಡಿಲ್ಲ’ ಎಂದರೆ ಯಾರೂ ನಂಬುವುದಿಲ್ಲ. ಅರ್ಜಿಗೆ ಒಂದು ಗುರುತು ಬೇಕು. ಬಾವಿ, ಗಿಡ, ಗುಡಿ, ಏನಾದರೂ ಕಣ್ಣಿಗೆ ಕಾಣುವಂಥದ್ದು. ಇದು ನನ್ನ ಗುರುಗಳು ಹೇಳಿಕೊಟ್ಟದ್ದು. ತಲೆ ಎತ್ತಿದೆ, ಕಣ್ಣಿಗೆ ಕಂಡದ್ದನ್ನು ಪೆನ್ನು ಬರೆಯಿತು: ‘ಆ ದಿನಗಳಲ್ಲಿ ಅರ್ಜಿದಾರನ ಫೋನು ತಹಶೀಲ ಕಚೇರಿ ಎದುರಿನ ಅಂಗಡಿಯಲ್ಲಿ ದುರಸ್ತಿಗೆ ಇದ್ದು, ಆಗ ಅದನ್ನು ಯಾರು ಉಪಯೋಗಿಸಿದರೆಂಬುದು ಅರ್ಜಿದಾರನಿಗೆ ತಿಳಿದಿರುವುದಿಲ್ಲ.’ ಯಾರ ಹೆಸರೂ ಇಲ್ಲ, ಯಾರ ಮೇಲೂ ಆರೋಪ ಇಲ್ಲ. ಬಹಳ ದಿನಗಳ ಮೇಲೆ ಒಂದು ಸಾಲು ಮನಸ್ಸಿಗೆ ಬಂತು.

ಜೂನ್ ೨೮, ಶುಕ್ರವಾರ

ಅಂಬಾರಾಯ ಪೇಢೆ ತಂದಿದ್ದ. ದುಡ್ಡು ಬಂತಂತೆ. ಕಂಪನಿಯವರು ಉತ್ತರವನ್ನೇ ಕೊಡಲಿಲ್ಲವಂತೆ. ನನ್ನ ಕಾಲು ಮುಟ್ಟಲು ಬಂದ, ಬೇಡವೆಂದೆ. ಆದರೂ ಖುಷಿಯಾಯಿತು, ಇದನ್ನು ಮುಚ್ಚಿಡುವುದೇನಿದೆ?

ಜುಲೈ ೬, ಶನಿವಾರ

ಈ ವಾರ ಏಳು ಮಂದಿ. ಟೇಬಲ್ಲಿನ ಮುಂದೆ ಪಾಳಿ ಹಚ್ಚಿ ನಿಂತಿದ್ದನ್ನು ನೋಡಿ ಕಚೇರಿಯ ಜವಾನ ಏನು ಸಂತೆ ಎಂದು ಕೇಳಿದ. ಅಂದೋಲಾದಿಂದ ಒಬ್ಬರು ಮಾಸ್ತರರು ಬಂದಿದ್ದರು, ಮುಖಕ್ಕೆ ಟವೆಲ್ಲು ಸುತ್ತಿಕೊಂಡು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವವರು. ಅವರ ಮುಖ ನೋಡಿ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಮನೆಯಲ್ಲಿ ಹೆಂಡತಿಗೆ ಗೊತ್ತಿಲ್ಲವಂತೆ.

ಖಜೂರಿಯ ಲಾರಿ ಡ್ರೈವರ್ ಜಮೀರ ಮಾತ್ರ ಕಿರಿಕಿರಿ ಮಾಡಿದ. ಬರೆದದ್ದನ್ನು ಓದಿಸಿಕೊಂಡು ತಲೆ ಕೆರೆದ.

“ನಮ್ಮದು ಆಳಂದ ತಾಲೂಕ್ರಿ. ಖಜೂರಿಯಿಂದ ಇಲ್ಲಿ ತನಕ ಫೋನ ರಿಪೇರಿಗೆ ನಾ ಯಾಕ ಬರ್ತೇನ್ರಿ?”

“ಲಾರಿ ಹೊಡೀತಿ, ಎಲ್ಲಿ ಕೆಡ್ತದೋ ಅಲ್ಲಿ ಕೊಡ್ತಿ,” ಎಂದೆ. ಸಹಿ ಹಾಕಿ ಹೋದ.

ಪ್ರತಿಯೊಬ್ಬನಿಗೂ ಬೇರೆ ಬೇರೆ ಗುರುತು ಹುಡುಕಬಹುದಿತ್ತು. ಆದರೆ ಗೆದ್ದ ಸಾಲನ್ನು ಯಾರು ಬಿಡುತ್ತಾರೆ? ಬಂದವರೂ ಕೇಳುವುದು ಅದನ್ನೇ, “ಅಂಬಾರಾಯಗ ಬರದಿದ್ದು ಬರೀರಿ.”

ಶರಫುದ್ದೀನ ಚಹಾ ತಂದಾಗ ಗಿರಾಕಿಗಳು ಇದ್ದರು. “ಏನ್ರಿ ಶ್ರೀಪಾದರಾವ್, ನಿಮ್ಮ ಟೇಬಲ್ಲಿಗಿ ಮತ್ತ ಜೀವ ಬಂತಲ್ರಿ. ಏನ್ ಬರಿಯಾಕತ್ತೀರಿ ಇಷ್ಟ ಮಂದಿಗೆ?” ಎಂದರು.

“ಬ್ಯಾಂಕಿನ ಕಾಗದ,” ಎಂದೆ.

ಅವರಿಗೆ ನಿಜವಾಗಿ ಸಂತೋಷವಾಗಿತ್ತು. ಗಿರಾಕಿಗಳಿಗೂ ಚಹಾ ಹೇಳಿದರು.

ಜುಲೈ ೧೯, ಶುಕ್ರವಾರ

ಬ್ಯಾಂಕಿನಿಂದ ಮೃಣಾಲಿನಿ ಮೇಡಂ ಕರೆ ಕಳಿಸಿದ್ದರು. ಈಚೆಗೆ ಬಂದ ಆಫೀಸರು. ಬೇರೆ ಬೇರೆ ಶಾಖೆಗಳಿಗೆ ಹೋದ ಕಾಗದಗಳನ್ನು ತರಿಸಿ ಟೇಬಲ್ಲಿನ ಮೇಲೆ ಸಾಲಾಗಿ ಹರಡಿದ್ದರು. ಹದಿನಾರು. ಎಲ್ಲ ನನ್ನ ಅಕ್ಷರ. ಒಟ್ಟಿಗೆ ನೋಡಿದಾಗ ಚೆಂದವೇ ಕಂಡವು, ಇದೂ ನಿಜ.

“ಇವೆಲ್ಲಾ ನೀವ ಬರ್ದೀರೇನ್ರಿ?”

“ಅವರು ಹೇಳಿದ್ದನ್ನ ಬರದೇನ್ರಿ.”

“ಹದಿನಾರು ಮಂದಿ ಒಂದೇ ಮಾತು ಹೇಳಿದ್ರೇನ್ರಿ?”

ಪೇಮೆಂಟ್ ಕಂಪನಿಯವರು ಈ ಸಲ ಸುಮ್ಮನೆ ಕೂತಿಲ್ಲವಂತೆ. ಯಾವ ಫೋನಿನಿಂದ, ಎಷ್ಟು ಹೊತ್ತಿಗೆ, ಯಾವ ಊರಿನಿಂದ ಆಡಿದ್ದು ಎಂದೆಲ್ಲ ತೆಗೆದು ಕಳಿಸಿದ್ದಾರೆ. ಸಿಕ್ಕ ದುಡ್ಡು ಕೆಲವರಿಂದ ಹಿಂದಕ್ಕೆ ಹೋಗಿದೆ. ಅಷ್ಟೇ ಅಲ್ಲ, ಹದಿನಾರು ಕಾಗದದಲ್ಲೂ ಒಂದೇ ಅಂಗಡಿ ಇದೆ, ಅಲ್ಲಿ ಗಿರಾಕಿಗಳ ಫೋನಿನಿಂದ ದುಡ್ಡು ಕದಿಯುವ ದಂಧೆ ನಡೆದಿರಬಹುದು ಎಂದು ಪೊಲೀಸರಿಗೂ ಬರೆದಿದ್ದಾರಂತೆ.

“ಅಂಗಡಿ ಹೆಸರು ನಾ ಬರದಿಲ್ರಿ,” ಎಂದೆ.

“ತಹಶೀಲ ಕಚೇರಿ ಎದುರಿಗೆ ಎಷ್ಟು ರಿಪೇರಿ ಅಂಗಡಿ ಅದಾವ್ರಿ?” ಎಂದು ಕೇಳಿದರು. ವಯಸ್ಸಿನಲ್ಲಿ ನನ್ನ ಮಗಳಷ್ಟು ಇರಬಹುದು. ದನಿ ಏರಿಸಲಿಲ್ಲ.

ಒಂದೇ ಇದೆ.

ಜುಲೈ ೨೨, ಸೋಮವಾರ

ಯೋಚಿಸಿ ನೋಡಿದೆ. ನನ್ನ ತಪ್ಪು ಏನು? ಅರ್ಜಿಯ ಕೆಳಗೆ ಸಹಿ ಮಾಡಿದವನು ಅರ್ಜಿದಾರ. ಬರೆದವನು ಬರೆಯುವ ಕೈ ಮಾತ್ರ. ಮೂವತ್ತೊಂದು ವರ್ಷದಲ್ಲಿ ಎಷ್ಟು ಗಂಡಂದಿರ ವಿರುದ್ಧ, ಎಷ್ಟು ಅಣ್ಣತಮ್ಮಂದಿರ ವಿರುದ್ಧ ಬರೆದಿಲ್ಲ? ಯಾರಾದರೂ ನನ್ನನ್ನು ಕೇಳಿದ್ದಾರೆಯೇ? ಪೊಲೀಸರು ವಿಚಾರಿಸಲಿ. ವಿಚಾರಣೆಯಿಂದ ನಿರಪರಾಧಿಗೆ ನಷ್ಟವಿಲ್ಲ.

ಇನ್ನೊಂದು ಮಾತು. ಎದುರಿನ ಅಂಗಡಿಯವರು ದಿನಕ್ಕೆ ಹತ್ತು ಜನರ ಫೋನು ಬಿಚ್ಚುತ್ತಾರೆ. ಒಳಗೆ ಏನು ಮಾಡುತ್ತಾರೆ ಎಂದು ಹೊರಗೆ ಕುಳಿತ ನನಗೆ ಹೇಗೆ ಗೊತ್ತಾಗಬೇಕು? ಮಾಡಿದ್ದಾರೆ ಎಂದು ಅನ್ನುತ್ತಿಲ್ಲ.

ಇವತ್ತು ಚಹಾ ಬೇಡವೆಂದೆ, ಹೊಟ್ಟೆ ಸರಿಯಿಲ್ಲ ಎಂದು.

ಆಗಸ್ಟ್ ೫, ಸೋಮವಾರ

ಹನ್ನೊಂದರ ಸುಮಾರಿಗೆ ಶರಫುದ್ದೀನ ಬಂದರು, ಕೈಯಲ್ಲಿ ಕವರು. ಟೇಬಲ್ಲಿನ ಮೇಲಿಟ್ಟು ಎದುರಿನ ಸ್ಟೂಲಿನ ಮೇಲೆ ಕುಳಿತರು.

“ಓದ್ರಿ. ಕಲಬುರಗಿಯಿಂದ ಬಂದದ. ಪೊಲೀಸ ತಂದು ಕೊಟ್ಟು ಸಹಿ ಮಾಡಿಸಿಕೊಂಡು ಹೋದ.”

ನೋಟೀಸು. ಎರಡು ಪುಟ. ಓದಲು ಶುರು ಮಾಡಿದೆ. ಇಂತಿಂಥ ದಿನಾಂಕಗಳಂದು, ಇಂತಿಂಥವರ ಕಾರ್ಡುಗಳಿಂದ, ಆನ್‌ಲೈನ್ ಜೂಜಿನ ಆಟಗಳಿಗೆ ಹಣ ಜಮೆಯಾದ ಬಗ್ಗೆ. ಎರಡನೆಯ ಪುಟದ ಮೇಲ್ಭಾಗದಲ್ಲಿ, ‘ದೂರುದಾರರೆಲ್ಲರೂ ಒಂದೇ ರೀತಿಯಾಗಿ ತಿಳಿಸಿದ್ದೇನೆಂದರೆ’ ಎಂದು ಬರೆದು, ಕೆಳಗೆ ನನ್ನ ಸಾಲನ್ನು ಹಾಗೆಯೇ ಎತ್ತಿಟ್ಟಿದ್ದರು. ಒಂದು ಅಕ್ಷರವೂ ಬದಲಿಲ್ಲ.

ನೀರು ಕುಡಿದೆ. ಆ ಸಾಲನ್ನು ಬಿಟ್ಟು ಅದರ ಕೆಳಗಿನದಕ್ಕೆ ಹೋದೆ: ‘ಆದಕಾರಣ ತಾವು ಅಂಗಡಿಯ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು.’

ಅವರು ಕೈ ಕಟ್ಟಿಕೊಂಡು ಕೇಳುತ್ತಿದ್ದರು.

“ಇಷ್ಟೇ ಅದ ಏನ್ರಿ?”

“ಇಷ್ಟೇ.”

“ನನ್ನ ಅಂಗಡಿನೇ ಯಾಕ ಅಂತ ಎಲ್ಲೂ ಬರದಿಲ್ಲೇನ್ರಿ?”

“ಯಾರೋ ಹೇಳ್ಯಾರ. ಹೆಸರು ಕೊಟ್ಟಿಲ್ಲ.”

ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, “ಉತ್ತರ ಬರಕೊಡ್ರಿ. ಈ ಹದಿನಾರು ಮಂದ್ಯಾಗ ಹದಿನಾಲ್ಕು ಮಂದಿ ಮುಖಾನೇ ನಾ ನೋಡಿಲ್ಲ,” ಎಂದರು.

ಬರೆದೆ. ಒಳ್ಳೆಯ ಉತ್ತರ. ‘ಯಾರೋ ಅಪರಿಚಿತರು ದುರುದ್ದೇಶದಿಂದ ಸುಳ್ಳು ಮಾಹಿತಿ ನೀಡಿದಂತೆ ತೋರುತ್ತದೆ’ ಎಂದು ಸೇರಿಸಿದೆ. ಹೊರಡುವಾಗ ಅವರು ಬರವಣಿಗೆಯ ದುಡ್ಡನ್ನು ಟೇಬಲ್ಲಿನ ಮೇಲಿಟ್ಟರು. ಇದೇ ಮೊದಲ ಸಲ. ಬೇಡವೆಂದೆ. “ಇರ್ಲಿ ಬಿಡ್ರಿ, ನಿಮ್ಮ ದಂಧೆ ಅದ,” ಎಂದು ರಸ್ತೆ ದಾಟಿದರು.

ಬಹುಶಃ ಗಾಬರಿಯಲ್ಲಿದ್ದರು.

ಆಗಸ್ಟ್ ೯, ಶುಕ್ರವಾರ. ನಾಗರ ಪಂಚಮಿ

ಪ್ರತಿ ವರ್ಷದಂತೆ ಉಮಾ ಶರಫುದ್ದೀನರ ಮನೆಗೆಂದು ಡಬ್ಬಿಯಲ್ಲಿ ಉಂಡಿ ಕಟ್ಟಿಕೊಟ್ಟಳು. ಶೇಂಗಾದವು, ಎಳ್ಳಿನವು, ರವೆಯವು. ಅವರ ಹೆಂಡತಿ ಮದೀನಾಬಿಗೆ ಎಳ್ಳುಂಡಿ ಇಷ್ಟವೆಂದು ಅವು ಎರಡು ಹೆಚ್ಚು.

ಅಂಗಡಿಯ ಬಾಗಿಲು ಹಾಕಿತ್ತು. ಪಕ್ಕದ ಜೆರಾಕ್ಸಿನವ ಹೇಳಿದ್ದು: ನಿನ್ನೆ ಪೊಲೀಸರು ಬಂದು ಕಂಪ್ಯೂಟರು, ರಿಪೇರಿಗೆ ಬಂದ ಫೋನುಗಳು ಎಲ್ಲವನ್ನೂ ತಪಾಸಣೆಗೆ ಒಯ್ದಿದ್ದಾರೆ, ಅಂಗಡಿಯವನನ್ನು ಕಲಬುರಗಿಗೆ ಕರೆದಿದ್ದಾರೆ. ಫೋನು ಕೊಟ್ಟವರು ಬಂದು ಬಾಗಿಲು ಬಡಿದು ಬಾಯಿಗೆ ಬಂದಂತೆ ಬೈದು ಹೋದರಂತೆ. ಯಾರೋ ಶಟರಿನ ಮೇಲೆ ಸುಣ್ಣದಲ್ಲಿ ‘ಕಳ್ಳ’ ಎಂದು ಗೀಚಿದ್ದರು. ಅಕ್ಷರ ಬಹಳ ಕೆಟ್ಟದಾಗಿತ್ತು.

ಮನೆಗೆ ಹೋಗಿ ಕೊಡಬಹುದಿತ್ತು. ಹೋಗಲಿಲ್ಲ. ಡಬ್ಬಿಯನ್ನು ಕಚೇರಿಯ ಜವಾನರಿಗೆ ಹಂಚಿದೆ. ಉಮಾ ಕೇಳಿದಾಗ ಕೊಟ್ಟೆನೆಂದೆ.

ಆಗಸ್ಟ್ ೧೩, ಮಂಗಳವಾರ

ಸದರಿ ಅಂಗಡಿಯವನು ಇನ್ನೂ ದಿನ ಬಿಟ್ಟು ದಿನ ಕಲಬುರಗಿಗೆ ಹಾಜರಾಗುತ್ತಿರುವುದಾಗಿ ತಿಳಿದುಬಂದಿದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವುದು. ಈ ಬಗ್ಗೆ ನಾನು ಯಾರಲ್ಲೂ ವಿಚಾರಿಸಿರುವುದಿಲ್ಲ.

ಭೀಮೆಗೆ ಮೇಲಿನಿಂದ ನೀರು ಬಿಟ್ಟಿದ್ದಾರೆ. ಗಿರಾಕಿ ಇಲ್ಲ. ಚಾರ್ಜ್‌ಬ್ಯಾಕಿನವರು ಯಾರೂ ಈ ಕಡೆ ತಲೆ ಹಾಕುತ್ತಿಲ್ಲ. ಅಂಬಾರಾಯ ನನ್ನ ಫೋನು ಎತ್ತುತ್ತಿಲ್ಲ.

ಆಗಸ್ಟ್ ೧೪, ಬುಧವಾರ

ಮದೀನಾಬಿ ಟೇಬಲ್ಲಿಗೆ ಬಂದರು. ಮೂವತ್ತೊಂದು ವರ್ಷದಲ್ಲಿ ಅವರು ಇಲ್ಲಿ ಬಂದು ಕುಳಿತದ್ದು ಇದೇ ಮೊದಲು.

“ಭಾಯಿಸಾಬ್, ಒಂದು ಅರ್ಜಿ ಬರೀರಿ. ಮಂದಿ ಫೋನ ಅರ ಹೊಳ್ಳಿ ಕೊಡ್ರಿ ಅಂತ. ಬಡವರ ಫೋನ ಅವ. ಸಾಬವ್ವನ ಮಗ ಮುಂಬೈದಾಗ ಇರ್ತಾನ, ಆಕಿ ಅವನ ದನಿ ಕೇಳಿ ವಾರ ಆಯ್ತಂತ. ದಿನಾ ಬಂದು ಬಾಗಿಲಿಗಿ ಕುಂಡ್ರತಾಳ.”

ಬರೆದೆ. ಅವರು ಮಾತು ನಿಲ್ಲಿಸಲಿಲ್ಲ.

“ಇವರು ಊಟ ಮಾಡವಲ್ರು. ಮೂವತ್ತು ವರ್ಷದ ಮ್ಯಾಲಾಯ್ತು, ಒಬ್ಬರ ಸ್ಕ್ರೂ ಸೈತ ಆಚೀಚೆ ಆಗಿಲ್ಲ ಭಾಯಿಸಾಬ್. ಈಗ ಹೊರಗ ಹೋಗಬೇಕಂದ್ರ ಮುಖ ಮುಚ್ಚಿಕೊಂಡು ಹೋಗ್ತಾರ. ಗಂಡಸು ಮುಖ ಮುಚ್ಚಿಕೊಂಡು.”

ಅರ್ಜಿಯಲ್ಲಿ ಮೂರು ಕಡೆ ಹೊಡೆದುಹಾಕಿ ಮತ್ತೆ ಬರೆಯಬೇಕಾಯಿತು. ನನ್ನ ಕೈ ಹೀಗೆ ಎಂದೂ ತಪ್ಪಿಲ್ಲ.

ಮನೆಗೆ ಬಂದಾಗ ಉಮಾ ಬಾಗಿಲಲ್ಲೇ ಇದ್ದಳು. ಅವಳಿಗೆ ಕಿರಾಣಿ ಅಂಗಡಿಯ ಹತ್ತಿರ ಮದೀನಾಬಿ ಸಿಕ್ಕಿದ್ದರು.

“ಉಂಡಿ ಎಲ್ಲಿ ಹೋದವು?”

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಒಳಗೆ ಹೋಗಿ ಕುಳಿತು ಎಲ್ಲ ಹೇಳಿದೆ. ಅಂಬಾರಾಯನಿಂದ ಹಿಡಿದು, ನೋಟೀಸು ಓದುವಾಗ ಬಿಟ್ಟ ಸಾಲಿನವರೆಗೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ನೀವು ಬರೀ ಬರದೀರಿ ಅಂತ ಹೇಳಬ್ಯಾಡ್ರಿ ನನ್ನ ಮುಂದ,” ಎಂದಳು. “ಅವರ ಅಂಗಡಿ ನೋಡಿಕೋತನ ಬರದೀರಿ.”

ಹೌದು. ನೋಡಿಕೊಂಡೇ ಬರೆದೆ.

ಆಗಸ್ಟ್ ೧೭, ಶನಿವಾರ

ಕಲಬುರಗಿಗೆ ಹೋಗಿ ಬಂದೆ. ತನಿಖೆಯ ಸಾಹೇಬರಿಗೆ ಹೇಳಿದೆ: ಸಾಲು ನನ್ನದು, ಆ ಹದಿನಾರು ಮಂದಿಯೂ ತಾವೇ ಆಡಿದ್ದಾಗಿ ನನ್ನ ಮುಂದೆ ಒಪ್ಪಿಕೊಂಡಿದ್ದರು, ಯಾರೂ ಫೋನನ್ನು ಆ ಅಂಗಡಿಗೆ ರಿಪೇರಿಗೆ ಕೊಟ್ಟೆನೆಂದು ಹೇಳಿಲ್ಲ, ಗುರುತಿಗಾಗಿ ನಾನೇ ಹಾಕಿದ್ದು. ಸಾಹೇಬರು ಪೆನ್ನು ಕೆಳಗಿಟ್ಟು, “ಮೂವತ್ತು ವರ್ಷದಿಂದ ಇದೇ ಕೆಲಸ ಮಾಡೀರಿ, ಇದರಿಂದ ಏನಾಗತದ ಅಂತ ತಿಳೀಲಿಲ್ಲೇನ್ರಿ?” ಎಂದು ಕೇಳಿದರು. ತಿಳಿದಿತ್ತು ಎಂದೆ.

ಹೇಳಿಕೆಯನ್ನು ಅಲ್ಲಿಯ ಒಬ್ಬರು ಕಂಪ್ಯೂಟರಿನಲ್ಲಿ ಹೊಡೆದರು. ತುಂಬ ತಪ್ಪುಗಳಿದ್ದವು. ‘ದುರಸ್ತಿ’ಯನ್ನು ಎರಡು ಕಡೆ ತಪ್ಪಾಗಿ ಹೊಡೆದಿದ್ದರು. ಹಾಗೆಯೇ ಸಹಿ ಮಾಡಿದೆ.

ನನ್ನ ಮೇಲೆ ಕೇಸು ಆಗಬಹುದು, ಪತ್ರ ಬರಹಗಾರನ ಲೈಸೆನ್ಸು ಹೋಗುವುದಂತೂ ಖಚಿತ ಎಂದರು. ಬರುವಾಗ ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಬಂತು. ಇನ್ನು ಭಾಯಿಯ ಮುಂದೆ ಹೋಗಿ ನಿಲ್ಲುವುದಕ್ಕೆ ಅಡ್ಡಿಯಿಲ್ಲ. ನಾನೇ ಹೋಗಿ ಬಿಡಿಸಿದೆ ಎಂದು ತಿಳಿದರೆ ಅವರು ಎದ್ದು ಬಂದು ಕೈ ಹಿಡಿಯುತ್ತಾರೆ, ಅವರ ಸ್ವಭಾವ ನನಗೆ ಗೊತ್ತು.

ಆಗಸ್ಟ್ ೨೦, ಮಂಗಳವಾರ

ಶರಫುದ್ದೀನ ಭಾಯಿಯ ಅಂಗಡಿ ಇವತ್ತು ತೆರೆಯಿತು. ಫೋನುಗಳನ್ನು ಹಿಂದಕ್ಕೆ ಕೊಟ್ಟಿದ್ದಾರೆ. ಶಟರಿನ ಮೇಲಿನ ಸುಣ್ಣವನ್ನು ತಿಕ್ಕಿ ತೊಳೆದಿದ್ದರು, ಆದರೂ ಕಾಣುತ್ತಿತ್ತು. ಒಳಗೆ ಸಾಬವ್ವ ಇದ್ದಳು, ಜೆರಾಕ್ಸಿನವನಿದ್ದ, ಇನ್ನಿಬ್ಬರು ಗಿರಾಕಿಗಳಿದ್ದರು. ಭಾಯಿ ಬಹಳ ಇಳಿದುಹೋಗಿದ್ದಾರೆ. ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ಕೆಲಸ ಮಾಡುತ್ತಿದ್ದರು.

ಎಲ್ಲರೂ ಹೋಗಲಿ ಎಂದು ಹೊರಗೆ ಕಾದೆ. ಯಾರೂ ಹೋಗಲಿಲ್ಲ. ಅವರೇ ತಲೆ ಎತ್ತದೆ, “ಬರ್ರಿ ಶ್ರೀಪಾದರಾವ್,” ಎಂದರು.

ಹೇಳಿದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ಎಲ್ಲರಿಗೂ ಕೇಳಿಸಿತು. ಕಲಬುರಗಿಗೆ ಹೋಗಿ ಬಂದದ್ದನ್ನೂ ಹೇಳಿದೆ, ಲೈಸೆನ್ಸಿನ ಮಾತನ್ನೂ. ಅವರು ಭೂತಗನ್ನಡಿ ತೆಗೆದು ಒರೆಸಿ ಪಕ್ಕಕ್ಕಿಟ್ಟರು. ಎದ್ದು ಬರಲಿಲ್ಲ. ಗಲ್ಲಾ ಪೆಟ್ಟಿಗೆಯ ಕೆಳಗಿನಿಂದ ನೋಟೀಸು ತೆಗೆದು ನನ್ನ ಮುಂದೆ ಚಾಚಿದರು.

“ಓದ್ರಿ.”

“ಭಾಯಿ, ಈಗ್ಯಾಕ ಅದು?”

“ಅವತ್ತ ನಿಮ್ಮ ಕಡಿ ಬರೂದಕ್ಕಿಂತ ಮೊದಲ, ನಮ್ಮ ತಂಗಿ ಮಗಳು ಗುಲನಾಜ ಓದಿ ಹೇಳಿದ್ಳ್ರಿ. ಆಕಿ ಕನ್ನಡ ಸಾಲಿಗಿ ಹೋಗ್ಯಾಳ. ಇದು ನಿಮ್ಮ ಟೇಬಲ್ಲಿನ ಮಾತು ಅಂತ ನನಗ ಅವಾಗೇ ಗೊತ್ತಾಯ್ತು. ಇಂಥಾ ಮಾತು ಈ ಊರಾಗ ಮತ್ಯಾರು ಬರೀತಾರ?” ಎಂದರು. “ನಿಮ್ಮ ಬಾಯಿಂದ ಕೇಳಬೇಕಂತ ಬಂದಿದ್ದೆ.”

ಹದಿನೈದು ದಿನ. ಅಷ್ಟು ದಿನ ಅವರಿಗೆ ಗೊತ್ತಿತ್ತು. ದಿನ ಬಿಟ್ಟು ದಿನ ಕಲಬುರಗಿಗೆ ಹೋಗಿ ಕುಳಿತಾಗಲೂ ಗೊತ್ತಿತ್ತು. ನನ್ನ ಹೆಸರು ಹೇಳಿರಲಿಲ್ಲ.

ಓದಿದೆ. ಮೊದಲ ಪುಟ, ಎರಡನೆಯ ಪುಟ. ಆ ಸಾಲು ಬಂತು. ಅದನ್ನೂ ಓದಿದೆ. ಅಂಗಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಸಾಬವ್ವ ತನ್ನ ಫೋನನ್ನು ಎದೆಗೆ ಹಿಡಿದುಕೊಂಡಿದ್ದಳು.

“ಅವತ್ತು ಆ ಒಂದು ಸಾಲು ಓದಿದ್ರ,” ಎಂದರು ಭಾಯಿ, “ನಾನೇ ಅಂತಿದ್ದೆ, ಆದದ್ದು ಆಯ್ತು, ನಡೀರಿ, ಇಬ್ಬರೂ ಕೂಡಿ ಹೋಗಿ ಹೇಳಿ ಬರೂಣು ಅಂತ. ಬಸ್ಸಿನ ಟೈಮ ಸೈತ ಕೇಳಿಕೊಂಡು ಬಂದಿದ್ದೆ.”

ನೋಟೀಸನ್ನು ಮಡಚಿ ಗಲ್ಲಾ ಪೆಟ್ಟಿಗೆಯ ಕೆಳಗಿಟ್ಟರು. ಭೂತಗನ್ನಡಿ ಹಚ್ಚಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದರು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದೆ. ಹಿಂದೆ ನಿಂತ ಗಿರಾಕಿ, ಸರೀರಿ ಎಂದಾಗ ಹೊರಗೆ ಬಂದೆ.